ರಹೀಮನ ಚಿಮಟ ಮತ್ತು ಟೀವಿ ಗಡಿಯಾರ

ಮೂಡಿಗೆರೆ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಕಲಿಯುತ್ತಿರುವ ಹುಡುಗರು ಮೊನ್ನೆ ನನ್ನನ್ನು ಕೂರಿಸಿಕೊಂಡು ಒಂದು ಕೈಗಡಿಯಾರ ತೋರಿಸಿದರು. ಅದರಲ್ಲಿ ಕ್ರಿಕೆಟ್ ಓಡುತ್ತಿತ್ತು. "ಇಂಥದ್ದು ನೋಡಿದ್ರಾ ಅಜ್ಜ?" ಎಂದು ಕೇಳಿದರು. "ನೋಡಿದ್ದೇನೆ, ಬಿಚ್ಚಿದ್ದೇನೆ, ಹಾಳೂ ಮಾಡಿದ್ದೇನೆ. ನೀವು ಹುಟ್ಟುವ ಮೊದಲೇ" ಎಂದೆ. ಮುದುಕನಿಗೆ ಮರುಳು ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ತಪ್ಪೇನಿಲ್ಲ. ಆ ಗಡಿಯಾರದ ವಿಷಯವನ್ನು ನಾನು ಹೆಂಡತಿಯ ಹತ್ತಿರವೂ ಪೂರ್ತಿ ಹೇಳಿದವನಲ್ಲ. ಈಗ ಕೈ ನಡುಗುತ್ತದೆ, ಅಂಗಡಿ ಬಿಟ್ಟು ಎಷ್ಟೋ ಕಾಲವಾಯಿತು. ಈ ಕೆಲಸಕ್ಕೆ ಇಳಿಯುವವರಿಗೆ ಉಪಯೋಗಕ್ಕೆ ಬಂದರೆ ಬರಲಿ ಎಂದು ಬರೆಯುತ್ತಿದ್ದೇನೆ.

ನನ್ನ ಗುರುಗಳು ಗೌಸ್ ಸಾಹೇಬರು. ಎಪ್ಪತ್ತರ ದಶಕದ ಮೊದಲಲ್ಲಿ ಪೇಟೆಯಲ್ಲಿ ಅವರದ್ದು ಎರಡು ಮೇಜಿನ ಗಡಿಯಾರದ ಅಂಗಡಿ. ಆಗಿನದೆಲ್ಲ ಕೀ ಕೊಡುವ ಗಡಿಯಾರ. ಬಂದ ಗಡಿಯಾರವನ್ನು ಮೊದಲು ಕಿವಿಗೆ ಹಿಡಿಯಬೇಕು ಎನ್ನುವುದು ಅವರ ಮೊದಲ ಪಾಠ. "ಗಂಗಾಧರ್, ಗಡಿಯಾರ ಕಣ್ಣಿಗೆ ಸುಳ್ಳು ಹೇಳ್ತದೆ, ಕಿವಿಗೆ ಹೇಳಲ್ಲ" ಎನ್ನುತ್ತಿದ್ದರು. ಸದ್ದು ಕುಂಟುತ್ತಿದ್ದರೆ ಬ್ಯಾಲೆನ್ಸ್ ಚಕ್ರದ ತೊಂದರೆ, ಸದ್ದು ಮಂಕಾಗಿದ್ದರೆ ಒಳಗೆ ಕೊಳೆ. ಎರಡನೆಯ ಪಾಠ ಪೆಟ್ರೋಲು. ಬಿಚ್ಚಿದ ಭಾಗಗಳನ್ನೆಲ್ಲ ಪಿಂಗಾಣಿ ಬಟ್ಟಲಿನ ಪೆಟ್ರೋಲಿನಲ್ಲಿ ಅದ್ದಿ, ಬ್ರಷ್ಷಿನಲ್ಲಿ ತೊಳೆದು, ಒಣಗಿಸಿ ಜೋಡಿಸುವುದು. ನಮ್ಮ ಕಡೆ ಜೂನ್ ಬಂತೆಂದರೆ ಗಾಜಿನ ಒಳಗೆ ಹಬೆ ಕೂತು ಮುಳ್ಳೇ ಕಾಣದ ಗಡಿಯಾರಗಳು ಸಾಲಾಗಿ ಬರುತ್ತಿದ್ದವು. ಆಗ ಪೆಟ್ರೋಲು ವಾಸನೆ ಅಂಗಿಗೆ ಮಾತ್ರ ಅಲ್ಲ, ಊಟಕ್ಕೂ ಹತ್ತುತ್ತಿತ್ತು. ಕಿವಿ ಮತ್ತು ಪೆಟ್ರೋಲು, ಇವೆರಡು ಗೊತ್ತಿದ್ದರೆ ಗಡಿಯಾರದವನ ಅನ್ನ ಗಟ್ಟಿ ಎಂದು ನಾನು ನಂಬಿದ್ದೆ.

ಮೂರನೆಯ ಪಾಠವೂ ಒಂದಿತ್ತು. ಕೆಲಸದಲ್ಲಿ ತಪ್ಪಾದರೆ ಗಿರಾಕಿ ಕಂಡುಹಿಡಿಯುವ ಮೊದಲು ನೀನೇ ಹೇಳಿಬಿಡು. ಇದನ್ನು ಅವರು ಒಂದೇ ಸಲ ಹೇಳಿದ್ದು. ನಾನೂ ಒಂದೇ ಸಲ ಕೇಳಿದವನ ಹಾಗೆ ಮರೆತೆ.

ತಪ್ಪುಗಳಿಗೇನೂ ಬರವಿರಲಿಲ್ಲ. ಒಮ್ಮೆ ಒಂದು ಎಸ್ಟೇಟಿನ ರೈಟರು, ಅಂದರೆ ಆಳುಗಳ ಹಾಜರಿ ಕರೆಯುವ ಗುಮಾಸ್ತರು, ಗಡಿಯಾರ ಸರ್ವೀಸಿಗೆ ಕೊಟ್ಟಿದ್ದರು. ಅದು ಇಪ್ಪತ್ತು ನಿಮಿಷ ಮುಂದಿತ್ತು. ನಾನು ಚೆನ್ನಾಗಿ ತೊಳೆದು, ರೇಡಿಯೋ ವಾರ್ತೆಯ ಹೊತ್ತಿಗೆ ಸರಿಯಾಗಿ ಮುಳ್ಳು ಕೂರಿಸಿ, ಒಯ್ಯಲು ಬಂದ ಮೇಸ್ತ್ರಿಯ ಹತ್ತಿರ, "ಇಪ್ಪತ್ತು ನಿಮಿಷ ಮುಂದೆ ಓಡ್ತಿತ್ತು, ಸರಿ ಮಾಡಿದ್ದೀನಿ" ಎಂದು ಜಂಬದಿಂದ ಹೇಳಿದೆ. ಮೇಸ್ತ್ರಿ ಅದನ್ನು ಆಳುಗಳ ಲೈನ್ ಮನೆಗಳಲ್ಲಿ ಹೇಳಿದ. ಆಮೇಲೆ ತಿಳಿಯಿತು, ರೈಟರು ಬೇಕೆಂದೇ ಬೆಳಿಗ್ಗೆ ಮುಳ್ಳು ಮುಂದಿಟ್ಟು ಆಳುಗಳನ್ನು ಬೇಗ ಇಳಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಕ್ಕೆ ತಿರುಗಿಸಿ ಸಂಜೆ ತಡವಾಗಿ ಬಿಡುತ್ತಿದ್ದರಂತೆ. ಮಾರನೆಯ ದಿನ ಹೆಂಗಸರೆಲ್ಲ ಸೊಂಟಕ್ಕೆ ಕೈ ಕೊಟ್ಟು, "ರೈಟ್ರೇ, ಗಡಿಯಾರ ತೋರ್ಸಿ" ಎಂದು ನಿಂತರಂತೆ. ರೈಟರು ಅಂಗಡಿಗೆ ಬಂದು ನನ್ನ ಏಳು ತಲೆಮಾರು ಜಾಲಾಡಿದರು. ಗೌಸ್ ಸಾಹೇಬರು ಅವರನ್ನು ಸಮಾಧಾನ ಮಾಡಿ ಕಳಿಸಿ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಗಡಿಯಾರ ಬಂದಾಗ ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಎಂದು ನೋಡಿಟ್ಟುಕೊಂಡು ಹಾಗೇ ಕೊಡುವುದು ನನ್ನ ಅಭ್ಯಾಸವಾಯಿತು.

ಎರಡನೆಯ ಮೇಜು ರಹೀಮನದ್ದು. ರಹೀಮ ಗೌಸ್ ಸಾಹೇಬರ ಕೊನೆಯ ತಮ್ಮ, ನನ್ನದೇ ವಯಸ್ಸು. ನಾಲ್ಕನೆಯ ವರ್ಷಕ್ಕೆ ಬಂದ ಜ್ವರದಲ್ಲಿ ಕಿವಿ ಹೋಗಿತ್ತು, ಅದರ ಹಿಂದೆ ಮಾತೂ ಹೋಗಿತ್ತು. ತುಟಿ ನೋಡಿ ನಮ್ಮ ಮಾತು ತಿಳಿಯುತ್ತಿದ್ದ. ನನ್ನನ್ನು ಕರೆಯಬೇಕಾದರೆ ಮೇಜಿನ ಮೇಲೆ ಎರಡು ಸಲ ಬಡಿಯುತ್ತಿದ್ದ. ಕಿವಿಯೇ ಇಲ್ಲದವನು ಗಡಿಯಾರದ ಕೆಲಸ ಹೇಗೆ ಮಾಡುತ್ತಾನೆ ಎಂದು ಬಂದವರೆಲ್ಲ ಕೇಳುವುದು. ಅವನು ಚಿಮಟದ ಒಂದು ತುದಿಯನ್ನು ಗಡಿಯಾರದ ಬೆನ್ನಿಗೆ ತಾಗಿಸಿ, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದ. ಕಣ್ಣು ಮುಚ್ಚುತ್ತಿದ್ದ. ಟಿಕ್ ಟಿಕ್ ಅವನಿಗೆ ಹಲ್ಲಿನ ದಾರಿಯಲ್ಲಿ ಬರುತ್ತಿತ್ತು. ಸಂತೆಯ ದಿನ ಹೊರಗಿನ ಗಲಾಟೆಯಲ್ಲಿ ನನ್ನ ಕಿವಿಗೆ ಏನೂ ಕೇಳದಿದ್ದಾಗ ಅವನ ಹಲ್ಲಿಗೆ ಕೇಳುತ್ತಿತ್ತು. ಸರಿಯಾಗಿದ್ದರೆ ತಲೆಯಾಡಿಸಿ, ಬಲಗೈಯ ಎರಡು ಬೆರಳನ್ನು ಮೇಜಿನ ಮೇಲೆ ಕಾಲಿನ ಹಾಗೆ ನಡೆಸಿ ತೋರಿಸುತ್ತಿದ್ದ. ನಡೆಯುತ್ತಿದೆ ಎಂದು ಅರ್ಥ. ಅವನು ನಡೆಸಿದ ಗಡಿಯಾರ ವಾಪಸ್ ಬಂದದ್ದು ನಾನು ಕಾಣೆ.

ಎಂಬತ್ತರ ಹೊತ್ತಿಗೆ ಅಂಕಿ ಮೂಡುವ ಗಡಿಯಾರಗಳು ಬರತೊಡಗಿದವು. ಮುಳ್ಳಿಲ್ಲ, ಕೀ ಇಲ್ಲ, ಸೆಲ್ ಹಾಕಿದರೆ ಆಯಿತು. ಮೊದಲನೆಯದು ಬಂದ ದಿನ ಗೌಸ್ ಸಾಹೇಬರು ಅದನ್ನು ಕಿವಿಗೆ ಹಿಡಿದರು. ಬಹಳ ಹೊತ್ತು ಹಿಡಿದಿದ್ದು, ಮೇಜಿನ ಮೇಲಿಟ್ಟು, "ಇದು ಮಾತಾಡಲ್ಲ" ಎಂದರು. ಅದಾದ ಮರುವರ್ಷ ಅವರು ತೀರಿಕೊಂಡರು. ಅಂಗಡಿಯನ್ನು ನಮ್ಮಿಬ್ಬರಿಗೂ ಬಿಟ್ಟಿದ್ದರು. ಒಂದು ಬಾಗಿಲು, ಎರಡು ಬೀಗದ ಕೈ. ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ರಹೀಮನದ್ದು, ಗಿರಾಕಿಗಳ ಜೊತೆ ಮಾತೆಲ್ಲ ನನ್ನದು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಆ ಅಂಗಡಿಯ ಬಾಯಿ ನಾನು.

ಅಂಥ ಹೊತ್ತಿನಲ್ಲಿ ಟೀವಿ ಗಡಿಯಾರ ಬಂತು. ತಂದವರು ಜಾವಳಿ ಕಡೆಯ ಎಸ್ಟೇಟಿನ ಈಶ್ವರಪ್ಪನವರು. ಕಾಫಿ ಕೊಯ್ಲು ಮುಗಿದಿತ್ತು, ಬಿಸಿಲು ಚೆನ್ನಾಗಿತ್ತು. ಒಂದು ಗುರುವಾರ ಕಾರು ನಿಲ್ಲಿಸಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದನ್ನು ನನ್ನ ಮೇಜಿನ ಮೇಲಿಟ್ಟರು.

"ಗಂಗಾಧರ, ಇದು ಎಂತದು ಹೇಳು ನೋಡುವ?"

"ಅಂಕಿ ಗಡಿಯಾರ ಅಲ್ವಾ ಸಾಹುಕಾರ್ರೇ, ಸ್ವಲ್ಪ ದೊಡ್ಡದು."

"ಟೀವಿ ಮಾರಾಯ! ಕೈಗೆ ಕಟ್ಟೋ ಟೀವಿ! ಜಪಾನಿಂದು."

ಹೌದು, ಟೀವಿಯೇ. ಮೇಲ್ಭಾಗದಲ್ಲಿ ಗಂಟೆ ತೋರಿಸುವ ಸಣ್ಣ ಪಟ್ಟಿ, ಕೆಳಗೆ ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದೊಂದು ಬೂದು ಪರದೆ. ಗಡಿಯಾರದಿಂದ ಒಂದು ವೈರು ಹೊರಟು ತೋಳಿನ ಒಳಗೆ ಹಾದು, ಜೇಬಿನಲ್ಲಿಡುವ ಒಂದು ಪೆಟ್ಟಿಗೆಗೆ ಸೇರುತ್ತದೆ. ಸಿಗ್ನಲ್ ಹಿಡಿಯುವ ಕೆಲಸವೆಲ್ಲ ಆ ಪೆಟ್ಟಿಗೆಯದ್ದು. ಪೆಟ್ಟಿಗೆಯಿಂದ ಕಿವಿಗೆ ಹಾಕುವ ಇನ್ನೊಂದು ವೈರು, ಆಂಟೆನಾವೂ ಅದೇ. ಚಿತ್ರಕಥೆಗಳ ಪತ್ತೇದಾರರು ಕೈಗಡಿಯಾರದಲ್ಲಿ ಮಾತಾಡುವುದನ್ನು ಓದಿ ಓದಿ ಜಗತ್ತಿನ ಎಂಜಿನಿಯರುಗಳಿಗೆಲ್ಲ ಇಂಥದ್ದೊಂದು ಮಾಡಬೇಕೆಂಬ ಹುಚ್ಚು ಇತ್ತಂತೆ. ಎಂಬತ್ತರ ದಶಕದ ಮೊದಲಲ್ಲಿ ಜಪಾನಿನವರು ಮಾಡಿಯೇ ಬಿಟ್ಟರು. ಮನೆಯ ಟೀವಿಯ ಹಾಗೆ ಇದರಲ್ಲಿ ಗಾಜಿನ ಕೊಳವೆ ಇಲ್ಲ. ಅಂಕಿ ಗಡಿಯಾರದಲ್ಲಿ ಅಂಕಿ ಮೂಡಿಸುವ ದ್ರವವನ್ನೇ ಸಾವಿರಾರು ಚುಕ್ಕಿಗಳಾಗಿ ಒಡೆದು ಚಿತ್ರ ಮೂಡಿಸುವುದು. ಅದಕ್ಕೆ ಸ್ವಂತ ಬೆಳಕಿಲ್ಲ. ಹೊರಗಿನ ಬೆಳಕು ಬಿದ್ದರೆ ಮಾತ್ರ ಚಿತ್ರ ಕಾಣುವುದು. ವೈರು, ಪೆಟ್ಟಿಗೆ ಎಂದು ಮೈಯೆಲ್ಲ ಸುತ್ತಿಕೊಳ್ಳಬೇಕಾದ್ದರಿಂದ ಹೆಚ್ಚು ಜನ ಕೊಳ್ಳಲಿಲ್ಲ, ಕೆಲವು ವರ್ಷಕ್ಕೆ ನಿಂತೂ ಹೋಯಿತು. ಇದೆಲ್ಲ ನಾನು ಬಹಳ ಆಮೇಲೆ ಓದಿ ತಿಳಿದದ್ದು. ಆವತ್ತು ನನಗೆ ಏನೂ ತಿಳಿದಿರಲಿಲ್ಲ. ತಿಳಿಯದು ಎಂದು ಹೇಳುವ ಬುದ್ಧಿಯೂ ಇರಲಿಲ್ಲ.

"ಮನೇಲಿ ಚಿತ್ರಾನೂ ಇಲ್ಲ, ಶಬ್ದಾನೂ ಇಲ್ಲ" ಎಂದರು ಈಶ್ವರಪ್ಪನವರು. "ಭಾನುವಾರ ಮ್ಯಾಚ್ ಉಂಟು. ಸ್ನೇಹಿತರನ್ನೆಲ್ಲ ದೇವರಮನೆ ಗುಡ್ಡಕ್ಕೆ ಕರ್ಕೊಂಡು ಹೋಗ್ತಿದ್ದೀನಿ. ಅಲ್ಲಿಂದ ಕರಾವಳಿ ಕಡೆಗೆ ಎಂತದೂ ಅಡ್ಡ ಇಲ್ಲ, ಅಲ್ಲಿನ ಟೀವಿ ಸಿಗ್ನಲ್ ಸಿಗ್ತದಂತೆ. ಶನಿವಾರದೊಳಗೆ ಸರಿ ಮಾಡಿ ಕೊಡು."

ಅವರು ಹೋದ ಮೇಲೆ ನಾನು ಗಡಿಯಾರವನ್ನು ಎತ್ತಿ ಕಿವಿಗೆ ಹಿಡಿದೆ. ನಗಬೇಡಿ, ಹದಿನಾರು ವರ್ಷದ ಅಭ್ಯಾಸ. ಸದ್ದಿಲ್ಲ. ಆದ್ದರಿಂದ ಕೆಟ್ಟಿದೆ ಎಂದು ತೀರ್ಮಾನಿಸಿದೆ. ರಹೀಮ ಮೇಜು ಬಡಿದ. ನೋಡಿದರೆ ಮೊದಲು ಹೊರಗಿನ ಬಿಸಿಲು ತೋರಿಸಿದ, ಆಮೇಲೆ ಪಡುವಣದ ಗುಡ್ಡಗಳ ಕಡೆ ಕೈ ಮಾಡಿದ. ಅಂಕಿ ಗಡಿಯಾರಗಳ ಸೆಲ್ ಬದಲಿಸುವ ಕೆಲಸವೆಲ್ಲ ಅವನದೇ ಆಗಿತ್ತು, ಅವು ಕತ್ತಲಲ್ಲಿ ಕಾಣುವುದಿಲ್ಲ, ಬೆಳಕಿಗೆ ಹಿಡಿಯಬೇಕು ಎಂದು ಅವನಿಗೆ ಗೊತ್ತಿತ್ತು. ಬಿಚ್ಚಬೇಡ, ಸಿಗ್ನಲ್ ಇರುವಲ್ಲಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡು ಎಂದು ಅವನು ಹೇಳುತ್ತಿದ್ದದ್ದು. ನನಗೂ ಅರ್ಥವಾಯಿತು. ಆದರೆ ಟೀವಿ ನೋಡುವವರು ಕಿಟಕಿ ಮುಚ್ಚುತ್ತಾರೆ, ಇವನು ಬಿಸಿಲಿಗೆ ಹಿಡಿ ಎನ್ನುತ್ತಾನಲ್ಲ ಎಂದು ಅಸಡ್ಡೆಯಿಂದ ಕೈ ಬೀಸಿದೆ.

ಬಿಚ್ಚಿದೆ. ಒಳಗೆ ತೊಳೆಯುವಂಥದ್ದು ಏನೂ ಇರಲಿಲ್ಲ. ವೈರು ಕೂಡುವ ಜಾಗದಲ್ಲಿ ಸ್ವಲ್ಪ ಕಿಲುಬು ಕಂಡಿತು. ಹತ್ತಿಯನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಿದೆ. ಒಂದು ಹನಿ ಹೆಚ್ಚಾಗಿತ್ತು. ಅದು ಪರದೆಯ ಅಂಚಿನಲ್ಲಿ ನುಸುಳಿ ಒಳಗೆ ಹೋದದ್ದನ್ನು ಭೂತಗನ್ನಡಿಯಲ್ಲಿ ಕಣ್ಣಾರೆ ಕಂಡೆ. ಪರದೆಯ ಮೇಲೆ ಅಂಟಿಸಿದ ತೆಳು ಹಾಳೆ ಮಬ್ಬಾಗುತ್ತ ಬಂತು. ಎಡಗಡೆಯ ಮೂರನೇ ಒಂದು ಪಾಲು ಪೊರೆ ಬಂದ ಕಣ್ಣಿನ ಹಾಗೆ ಬಿಳಿಚಿತು. ಅಂಥ ಪರದೆ ಈ ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ, ಬಹುಶಃ ಈ ರಾಜ್ಯದಲ್ಲೂ. ರಹೀಮ ಎದ್ದು ಬಂದು ನೋಡಿದ. ಪೆಟ್ರೋಲಿನ ಬಟ್ಟಲನ್ನು ಮೆಲ್ಲಗೆ ನನ್ನ ಕೈಯಳತೆಯಿಂದ ದೂರ ಸರಿಸಿದ.

ಶುಕ್ರವಾರ ಜಾವಳಿಗೆ ಹೋಗಿ ಹೇಳಿಬಿಡಬೇಕಿತ್ತು. ನಾಳೆ ಬರುತ್ತಾರಲ್ಲ, ಆಗ ಹೇಳಿದರಾಯಿತು ಎಂದುಕೊಂಡೆ.

ಶನಿವಾರ ನಾನು ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದಾಗ ಅವರ ಕಾರು ಬಂತು. ಲೋಟ ಬಿಟ್ಟು ಓಡಿದೆ. ಅಷ್ಟರಲ್ಲಿ ಅವರು ಒಳಗೆ ನಿಂತಿದ್ದರು. ಗಡಿಯಾರ ರಹೀಮನ ಕೈಯಲ್ಲಿತ್ತು. ಮೆತ್ತನೆಯ ಒಣ ಬಟ್ಟೆಯಿಂದ ಆ ಮಬ್ಬನ್ನು ಒರೆಸಿ ತೆಗೆಯಲಾದೀತೇ ಎಂದು ಅವನು ನೋಡುತ್ತಿದ್ದ.

"ಎಂತ ಮಾಡಿದ್ದಾನೆ ನೋಡು ಇವ್ನು!" ಈಶ್ವರಪ್ಪನವರ ಮುಖ ಕೆಂಪಾಗಿತ್ತು. "ನಿನ್ನ ನಂಬಿ ಕೊಟ್ರೆ ಈ ಮೂಗನ ಕೈಗೆ ಕೊಟ್ಟಿದ್ದೀಯಲ್ಲ! ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ!"

ಬಾಯಿ ತೆರೆದೆ. "ತಪ್ಪಾಯ್ತು ಸಾಹುಕಾರ್ರೇ" ಎಂದೆ. ಯಾರ ತಪ್ಪು ಎಂದು ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆ ಮಾತು ನಿಂತಿತು, ಅದರ ಬೆಳಕು ಯಾವ ಕಡೆ ಬಿತ್ತು ಎಂದು ಮೂವರಿಗೂ ಗೊತ್ತಿತ್ತು.

"ಗೌಸ್ ಸಾಹೇಬ್ರ ಮುಖ ನೋಡಿ ಸುಮ್ನಿದ್ದೀನಿ. ಇನ್ನು ಇವ್ನು ಇಲ್ಲಿ ಕೂತಿದ್ರೆ ನಂದಾಗ್ಲಿ, ನಮ್ಮ ಕಡೆ ಎಸ್ಟೇಟಿನೋರದ್ದಾಗ್ಲಿ ಒಂದೂ ಗಡಿಯಾರ ನಿನ್ನಂಗ್ಡಿಗೆ ಬರಲ್ಲ, ತಿಳ್ಕೊ" ಎಂದು ಗಡಿಯಾರ, ಪೆಟ್ಟಿಗೆ ಎತ್ತಿಕೊಂಡು ಹೊರಟರು.

ರಹೀಮ ಅವರ ತುಟಿ ನೋಡಿದ್ದ. ನನ್ನ ತುಟಿಯನ್ನೂ ನೋಡಿದ್ದ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಡಬ್ಬಿಗೆ ಹಾಕಿದ. ಮೇಜಿನ ಬಟ್ಟೆ ಮಡಿಸಿದ. ಚಿಮಟವನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ. ತನ್ನ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ತನ್ನ ಮನೆಯಿದ್ದ ಬಣಕಲ್ಲಿನ ಬಸ್ಸು ಹಿಡಿಯಲು ಹೋದ. ನಾನು ತಡೆಯಲಿಲ್ಲ. ಅವನನ್ನು ಕೂಗಿ ಕರೆಯಲು ಬರುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಲ್ಕು ಹೆಜ್ಜೆ ಓಡಿದ್ದರೆ ಸಾಕಿತ್ತು.

ಭಾನುವಾರ ಬೆಳಿಗ್ಗೆ ತಡೆಯಲಾಗದೆ ಬಣಕಲ್ಲಿಗೆ ಹೋದೆ. ರಹೀಮನ ಹೆಂಡತಿ ಜುಬೇದಾ ಬಾಗಿಲಲ್ಲಿ ನಿಂತು, "ಅವ್ರು ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ ಅಣ್ಣ. ಅಂಗಡೀಲಿ ಎಂತ ಆಯ್ತು?" ಎಂದು ಕೇಳಿದಳು. ಆಮೇಲೆ ಹೇಳುತ್ತೇನೆ ಎಂದೆ. ರಹೀಮನ ಮುಂದೆ ನಿಂತು, ನನ್ನ ಜೊತೆ ದೇವರಮನೆಗೆ ಬಾ ಎಂದೆ. ಅವನು ತಲೆಯಲ್ಲಾಡಿಸಿದ, ಬರುವುದಿಲ್ಲ. ಮೂರು ಸಲ ಕೇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡ. ಬಾಡಿಗೆ ಜೀಪಿನಲ್ಲಿ ಗುಡ್ಡ ಹತ್ತುವವರೆಗೂ ಅವನು ನನ್ನ ಕಡೆ ಮುಖ ತಿರುಗಿಸಲಿಲ್ಲ. ಅವನ ಜೊತೆ ಜಗಳ ಆಡುವುದು ಅದಕ್ಕೇ ಕಷ್ಟ, ಮುಖ ತಿರುಗಿಸಿದರೆ ಮಾತು ಮುಗಿಯಿತು.

ದೇವರಮನೆಯ ಹುಲ್ಲುಗಾವಲಿನಲ್ಲಿ ಎರಡು ಕಾರು ನಿಂತಿದ್ದವು. ಐದಾರು ಜನ ಸ್ನೇಹಿತರು ಒಂದು ಕಂಬಳಿಯ ಒಳಗೆ ತಲೆ ತೂರಿಸಿ ಕೂತಿದ್ದರು. ಟೀವಿಗೆ ಕತ್ತಲೆ ಬೇಕೆಂದು ಅವರೂ ನಂಬಿದ್ದರು. ಒಳಗಿನಿಂದ "ಎಂತದೂ ಇಲ್ಲ ಮಾರಾಯ, ಬರೀ ಬೂದಿ" ಎಂಬ ಮಾತು ಬರುತ್ತಿತ್ತು. ಈಶ್ವರಪ್ಪನವರು ನಮ್ಮನ್ನು ಕಂಡು ಹುಬ್ಬು ಗಂಟಿಕ್ಕಿದರು. ಅವರು ಬಾಯಿ ತೆರೆಯುವ ಮೊದಲೇ ರಹೀಮ ಹೋಗಿ ಕಂಬಳಿ ಎಳೆದು ಹಾಕಿದ. ಕಿವಿಗೆ ಹಾಕುವ ವೈರಿನ ಸಿಕ್ಕು ಬಿಡಿಸಿ ಉದ್ದಕ್ಕೆ ಎತ್ತಿ ಹಿಡಿಯಲು ನನ್ನ ಕೈಗೆ ಕೊಟ್ಟ. ಪರದೆಯನ್ನು ನೇರ ಬಿಸಿಲಿಗೆ ತಿರುಗಿಸಿ, ಪೆಟ್ಟಿಗೆಯ ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತ ಹೋದ. ಗಡಿಯಾರದೊಳಗಿನ ಎಳೆಯಂಥ ಹೇರ್‌ಸ್ಪ್ರಿಂಗ್ ಕೂರಿಸುವ ಕೈ ಅದು. ಬೂದು ಪರದೆಯಲ್ಲಿ ಗೆರೆಗಳು ಅಲುಗಿದವು. ಮಬ್ಬಾಗದೆ ಉಳಿದಿದ್ದ ಭಾಗದಲ್ಲಿ ಒಬ್ಬ ಇರುವೆಯಷ್ಟಿದ್ದ ಮನುಷ್ಯ ಓಡಿಬಂದು ಚೆಂಡು ಎಸೆದ. ಚಿತ್ರ ಮೇಲಿಂದ ಕೆಳಗೆ ಉರುಳುತ್ತಿತ್ತು, ಆದರೆ ಇತ್ತು.

"ಬಂತು! ಬಂತು!" ಎಂದು ಕೂಗು ಎದ್ದಿತು. ಸರದಿಯಂತೆ ಬಗ್ಗಿ ನೋಡಿದರು. ಶಬ್ದ ಮಾತ್ರ ಬರಲಿಲ್ಲ. ಜಪಾನಿನವರು ಧ್ವನಿ ಕಳಿಸುವ ಅಳತೆ ಬೇರೆ, ನಮ್ಮದು ಬೇರೆ, ಎಷ್ಟು ತಿರುಗಿಸಿದರೂ ಆ ಪೆಟ್ಟಿಗೆಗೆ ನಮ್ಮ ಧ್ವನಿ ಸಿಗುವಂತಿರಲಿಲ್ಲ. ನಾನು ಅಂಗಡಿಯಲ್ಲಿ ಕಿವಿಗೆ ಹಿಡಿದು ಹುಡುಕಿದ್ದ ರೋಗ ಅದರಲ್ಲಿ ಇರಲೇ ಇಲ್ಲ. "ಶಬ್ದ ಇಲ್ದೆ ಎಂತ ಮ್ಯಾಚು" ಎಂದು ಸ್ನೇಹಿತರು ಹತ್ತು ನಿಮಿಷಕ್ಕೆ ಬೇಸರಗೊಂಡು ಬುತ್ತಿ ಬಿಚ್ಚಲು ಹೋದರು. ರಹೀಮ ಮಾತ್ರ ಕೂತು ನೋಡುತ್ತಿದ್ದ. ಅವನಿಗೆ ಏನೂ ಕಡಿಮೆಯಾಗಿರಲಿಲ್ಲ.

ಈಶ್ವರಪ್ಪನವರ ಮಾನ ಉಳಿದಿತ್ತು, ಸಿಟ್ಟು ಇಳಿದಿತ್ತು. ನನ್ನ ಹತ್ತಿರ ಬಂದು, "ಹಾಳು ಮಾಡಿದವ್ನೇ ಚಿತ್ರ ತರ್ಸಿದ, ನೋಡು. ಹೋಗ್ಲಿ ಬಿಡು, ಕ್ಷಮಿಸಿದ್ದೀನಿ. ನಾಳೆಯಿಂದ ಕೂತ್ಕೊಳ್ಲಿ" ಎಂದರು.

ಅಲ್ಲಿಗೆ ಎಲ್ಲ ಮುಗಿದ ಹಾಗೇ. ರಹೀಮನ ಜಾಗ ಅವನಿಗೆ ಸಿಕ್ಕಿತು, ಗಿರಾಕಿಗಳು ಉಳಿದರು, ನನ್ನ ಹೆಸರಿಗೆ ಚುಕ್ಕಿಯಿಲ್ಲ. ಹೂಂ ಎಂದರೆ ಸಾಕಿತ್ತು. ಹೂಂ ಎನ್ನಲು ಬಾಯಿ ತೆರೆದೂ ಇದ್ದೆ. ಮಾಡದ ತಪ್ಪಿಗೆ ಅವನಿಗೆ ಕ್ಷಮೆ ಸಿಗುತ್ತಿದೆ, ಅದನ್ನು ಅವನ ಪರವಾಗಿ ತೆಗೆದುಕೊಳ್ಳುವವನು ನಾನು ಎಂದು ಆಗ ಹೊಳೆಯಿತು.

"ಅವ್ನಲ್ಲ ಸಾಹುಕಾರ್ರೇ. ಹಾಳು ಮಾಡಿದ್ದು ನಾನು. ಅವ್ನು ಬಿಚ್ಚಬೇಡ ಅಂದಿದ್ದ. ನಾನು ಬಿಚ್ಚಿ ಪೆಟ್ರೋಲು ಹಾಕ್ದೆ. ನಿನ್ನೆ ನಾನು ಬಾಯಿ ಬಿಡ್ಲಿಲ್ಲ."

"ನಿನ್ನೆ ಅವ್ನಿಗೆ ನಾನೆಂತೆಂತ ಅಂದೆ, ಕೇಳಿಸ್ಕೊಂಡು ನಿಂತಿದ್ದೆಯಲ್ಲ" ಎಂದರು ಅವರು. ಆಮೇಲೆ ವರ್ಷಗಟ್ಟಲೆ ಅವರ ಗಡಿಯಾರಗಳು ನಮ್ಮ ಅಂಗಡಿಗೆ ಬಂದವು. ಬಂದವರು ನೇರ ಹೋಗಿ ರಹೀಮನ ಮೇಜಿನ ಮೇಲಿಡುತ್ತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ಆ ಮರ್ಯಾದೆಗೆ ನಾನು ಯೋಗ್ಯನೇ ಆಗಿದ್ದೆ.

ಆದರೆ ಕಷ್ಟದ ಕೆಲಸ ಇನ್ನೂ ಇತ್ತು. ನಾನು ಈಶ್ವರಪ್ಪನವರಿಗೆ ಹೇಳುವಾಗ ರಹೀಮನಿಗೆ ನನ್ನ ಬೆನ್ನು ಕಾಣುತ್ತಿತ್ತು. ನಾನು ಒಪ್ಪಿಕೊಂಡದ್ದು ಅವನಿಗೆ ತಿಳಿದಿರಲಿಲ್ಲ. ಸಾಹುಕಾರರು ಗಡಿಯಾರ ತೆಗೆದುಕೊಂಡು ಹೋದ ಮೇಲೆ ಅವನ ಎದುರು ಹುಲ್ಲಿನ ಮೇಲೆ ಕೂತೆ. ಬಿಸಿಲು ನನ್ನ ಮುಖಕ್ಕೇ ಹೊಡೆಯುತ್ತಿತ್ತು. ತುಟಿ ಚೆನ್ನಾಗಿ ಕಾಣುವಂತೆ, ಒಂದೊಂದೇ ಮಾತನ್ನು ನಿಧಾನವಾಗಿ ಮತ್ತೆ ಹೇಳಿದೆ. ನಾನು ಮಾಡಿದ್ದು. ತಪ್ಪು ನಿನ್ನ ಮೇಲೆ ಹೋಗಲು ಬಿಟ್ಟೆ. ಈಗ ಹೇಳಿದ್ದೇನೆ. ಅವನ ಬೀಗದ ಕೈಯನ್ನು ಜೇಬಿನಿಂದ ತೆಗೆದು ಅವನ ಮುಂದಿಟ್ಟೆ. ನನಗೆ ಅಳು ಬಂತು, ಅದನ್ನೂ ಅವನು ನೋಡಿದ.

ಬೀಗದ ಕೈಯನ್ನು ಅವನು ಮುಟ್ಟಲಿಲ್ಲ. ನನ್ನ ಎಡಗೈ ಹಿಡಿದು ಎಳೆದುಕೊಂಡ. ನನ್ನ ಕೈಯಲ್ಲಿ ಇದ್ದದ್ದು ಗೌಸ್ ಸಾಹೇಬರು ಕೊಟ್ಟಿದ್ದ ಹಳೆಯ ಕೀ ಗಡಿಯಾರ. ಜೇಬಿನಿಂದ ಚಿಮಟ ತೆಗೆದು ಅದರ ಗಾಜಿನ ಮೇಲೆ ತುದಿ ತಾಗಿಸಿ, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೇ ಕೂತಿದ್ದ. ಆಮೇಲೆ ಕಣ್ಣು ತೆರೆದು, ಬಲಗೈಯ ಎರಡು ಬೆರಳನ್ನು ನನ್ನ ಮೊಣಕೈಯಿಂದ ಅಂಗೈವರೆಗೆ ಮೆಲ್ಲಗೆ ನಡೆಸಿದ.

ಬೀಗದ ಕೈಯನ್ನು ಅವನು ಯಾವಾಗ ಎತ್ತಿಕೊಂಡನೋ ನಾನು ನೋಡಲಿಲ್ಲ. ಸೋಮವಾರ ನಾನು ಹೋಗುವಷ್ಟರಲ್ಲಿ ಅಂಗಡಿಯ ಬಾಗಿಲು ತೆರೆದಿತ್ತು.